ಹಸಿರು ಚೀಟಿಯ ಇಸ್ತ್ರಿಪೆಟ್ಟಿಗೆ

ಮೇಷ್ಟ್ರು ಪತ್ರಿಕೆಯ ಪದಬಂಧದಲ್ಲಿ ಮುಳುಗಿದ್ದಾಗ ಯಾರೋ ಬಾಗಿಲು ದಬದಬ ಬಡಿದರು. "ಈ ಮನೇಲಿ ಮನುಷ್ಯ ನೆಮ್ಮದಿಯಾಗಿ ಒಂದು ಪದಬಂಧ ಮುಗಿಸೋ ಹಾಗಿಲ್ಲ" ಎಂದು ಗೊಣಗುತ್ತ ಎದ್ದು ಬಾಗಿಲು ತೆಗೆದರೆ, ಹೊಸ್ತಿಲಲ್ಲಿ ಚೀಟಿ ನಿಂತಿದ್ದಳು. ಮನೆ, ಅಂಗಡಿ, ಕಾರ್ಖಾನೆಗಳಲ್ಲಿ ಬಳಸುವ ಕರೆಂಟಿನ ಸಾಮಾನುಗಳನ್ನು ಪರೀಕ್ಷೆ ಮಾಡಿ, ಪಾಸಾದದ್ದಕ್ಕೆ ಹಸಿರು ಚೀಟಿ, ಫೇಲಾದದ್ದಕ್ಕೆ ಕೆಂಪು ಚೀಟಿ ಅಂಟಿಸುವುದು ಅವಳ ಕಸುಬು. ಹಾಗಾಗಿ ಎಲ್ಲರ ಬಾಯಲ್ಲೂ ಅವಳು ಚೀಟಿಯೇ ಆಗಿಹೋಗಿದ್ದಳು. ಸದಾ ಅರಳು ಹುರಿದ ಹಾಗೆ ಮಾತಾಡುವವಳು ಅವತ್ತು ಚೀಲವನ್ನು ಎದೆಗವಚಿಕೊಂಡು ಒಳಗೆ ಇಣುಕಿದಳು.

"ಅತ್ತಿಗೆ, ಸ್ವಲ್ಪ ಬನ್ನಿ ಇಲ್ಲಿ!" ಎಂದು ಮೇಷ್ಟ್ರು ಕೂಗಿದರು.

ಒಳಗಿನಿಂದ ಕೈಯಲ್ಲಿ ಸ್ಕ್ರೂಡ್ರೈವರ್ ಹಿಡಿದುಕೊಂಡೇ ಮೀಟರಮ್ಮ ಬಂದರು. ಮೇಷ್ಟ್ರ ಅಣ್ಣನ ಹೆಂಡತಿ. ವಿದ್ಯುತ್ ತಪಾಸಣೆಯ ಕಚೇರಿಯಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದ ಮೇಲೂ ಮೀಟರನ್ನು ಕೈಬಿಡದೆ, ಕರೆಂಟಿನ ತಕರಾರು ಎಲ್ಲಿದ್ದರೂ ಹೋಗಿ ಬಿಡಿಸುವ ಹೆಂಗಸು. ಅದೇ ಮನೆಯ ಮಹಡಿ ಮೇಲಿನ ಕೋಣೆಯಲ್ಲಿ ವಾಸವಿದ್ದ ಮೈದುನ, ಅಂದರೆ ನಮ್ಮ ನಿವೃತ್ತ ಗಣಿತದ ಮೇಷ್ಟ್ರು, ಅವರ ಜೊತೆ ಹೋಗಿ ಲೆಕ್ಕ ಬರೆದುಕೊಳ್ಳುವುದು, ಚೀಲ ಹೊರುವುದು, ಆಮೇಲೆ ತಪ್ಪು ಮನುಷ್ಯನ ಮೇಲೆ ಅನುಮಾನ ಪಡುವುದು, ಈ ಮೂರು ಕೆಲಸಗಳನ್ನು ಶ್ರದ್ಧೆಯಿಂದ ಮಾಡಿಕೊಂಡು ಬಂದಿದ್ದರು.

"ನಾನು ಪರೀಕ್ಷೆ ಮಾಡದೇನೇ ಚೀಟಿ ಅಂಟಿಸಿದೆ ಅಂತಿದಾರಮ್ಮ" ಎಂದಳು ಚೀಟಿ. ಅಷ್ಟು ಹೇಳುವಷ್ಟರಲ್ಲಿ ಅಳು ಒತ್ತರಿಸಿ ಬಂತು.

ನೀರು ಕುಡಿಸಿ, ಕೂರಿಸಿ ಕೇಳಿದ ಮೇಲೆ ವಿಷಯ ಬಿಡಿಬಿಡಿಯಾಗಿ ಹೊರಬಿತ್ತು. ಆಸ್ಪತ್ರೆಗಳಿಗೆ ಬಿಳಿ ಕೋಟು ಹೊಲಿದುಕೊಡುವ ಕಾರ್ಖಾನೆಯೊಂದರಲ್ಲಿ ಅವಳು ಎರಡು ತಿಂಗಳ ಹಿಂದೆ ಎಲ್ಲ ಸಾಮಾನು ಪರೀಕ್ಷಿಸಿದ್ದಳು. ಮೂರು ದಿನದ ಹಿಂದೆ ಅಲ್ಲಿ ಇಸ್ತ್ರಿ ಮಾಡುತ್ತಿದ್ದ ಹೆಂಗಸೊಬ್ಬಳಿಗೆ ಶಾಕ್ ಹೊಡೆದು, ಬಿದ್ದು, ಎಡ ಮಣಿಕಟ್ಟು ಉಳುಕಿತ್ತು. ಜೀವಕ್ಕೇನೂ ಆಗಲಿಲ್ಲ, ಪುಣ್ಯ. ಆದರೆ ಆ ಇಸ್ತ್ರಿಪೆಟ್ಟಿಗೆಯ ಪ್ಲಗ್ ಮೇಲೆ ಚೀಟಿಯ ಸಹಿ ಇರುವ ಹಸಿರು ಚೀಟಿ ಇತ್ತು, ನಾಲ್ಕನೇ ನಂಬರು.

"ಯಜಮಾನಿ ದೂರು ಬರೆದಿಟ್ಟಿದಾರೆ. ಸಂಜೆ ಐದಕ್ಕೆ ಕಳಿಸ್ತಾರಂತೆ. ಅದು ಹೋದ್ರೆ ನನ್ನ ಲೈಸೆನ್ಸ್ ಹೋದ ಹಾಗೇ. ನನಗೆ ಬೇರೆ ಕೆಲಸ ಬರಲ್ಲಮ್ಮ."

"ಪರೀಕ್ಷೆ ಮಾಡಿದ್ದೆಯಾ?"

"ನೀವು ಕಲಿಸಿದ ಹಾಗೇ ಮಾಡಿದೀನಿ."

"ಹಾಗಾದ್ರೆ ಅಳೋದು ನಿಲ್ಲಿಸಿ ಪುಸ್ತಕ ತೆಗಿ."

ಪುಸ್ತಕದಲ್ಲಿ ಎಲ್ಲ ನೀಟಾಗಿತ್ತು. ನಾಲ್ಕನೇ ನಂಬರಿನ ಪೆಟ್ಟಿಗೆ ಪಾಸು. ಪ್ಲಗ್‌ನಿಂದ ಲೋಹದ ಮೈಗೆ ಹೋಗುವ ಅರ್ತ್ ತಂತಿಯ ಅಳತೆ ಸೊನ್ನೆ ಪಾಯಿಂಟ್ ಒಂದಾರು ಓಮ್. ಐದನೇ ನಂಬರು ಫೇಲು: ಒಳಗಿನ ಕರೆಂಟು ಮೈಗೆ ಸೋರುತ್ತಿದೆ ಎಂದು ಬರೆದಿತ್ತು.

"ನಾಲ್ಕು, ಐದು, ಎರಡೂ ಅವಳಿಜವಳಿ ಇದ್ದ ಹಾಗೆ. ಒಂದೇ ಕಾಲದ್ದು, ಒಂದೇ ತೂಕ, ಒಂದೇ ಉದ್ದದ ವೈರು" ಎಂದಳು ಚೀಟಿ. "ಚೀಟಿ ಅಂಟಿಸೋದು ಪ್ಲಗ್ ಮೇಲೆ. ಮೈ ಮೇಲೆ ಅಂಟಿಸಿದ್ರೆ ಬಿಸಿಗೆ ಸುಟ್ಟುಹೋಗುತ್ತೆ. ಫೇಲಾದ್ದನ್ನ ಯಾರೂ ಮತ್ತೆ ಬಳಸಬಾರದು ಅಂತ ವೈರನ್ನ ಮಧ್ಯಕ್ಕೇ ಕತ್ತರಿಸಿ, ಪ್ಲಗ್ ಇರೋ ತುಂಡನ್ನ ಕಸಕ್ಕೆ ಹಾಕಿದೆ. ಅದೂ ನೀವು ಕಲಿಸಿದ್ದೇ."

"ಮೇಷ್ಟ್ರೇ, ಪದಬಂಧ ಆಮೇಲೆ" ಎಂದರು ಮೀಟರಮ್ಮ. ಮೇಷ್ಟ್ರು ಆಗಲೇ ಚಪ್ಪಲಿ ಮೆಟ್ಟಿದ್ದರು.

ಕಾರ್ಖಾನೆ ಎಂದರೆ ದೊಡ್ಡದೇನಲ್ಲ. ಉದ್ದನೆಯ ಒಂದು ಹಾಲ್, ಎರಡು ಸಾಲು ಹೊಲಿಗೆ ಮಿಷಿನ್ನು, ತುದಿಯಲ್ಲಿ ಕಿಟಕಿ, ಕಿಟಕಿಯಿಂದ ನಾಲ್ಕು ಹೆಜ್ಜೆ ಈಚೆ ಪಕ್ಕದ ಗೋಡೆಗೆ ಒತ್ತಿಕೊಂಡು ಇಸ್ತ್ರಿಯ ಮೇಜು. ಯಜಮಾನಿ ಕನ್ನಡಕವನ್ನು ತಲೆ ಮೇಲೇರಿಸಿಕೊಂಡು ಬಂದು, ಚೀಟಿಯ ಮುಖ ನೋಡಿದ್ದೇ ಸಿಡಿಮಿಡಿಗೊಂಡರು.

"ದೊಡ್ಡವರು ಬಂದಿದೀರಿ, ನೋಡಿ. ಆದ್ರೆ ನನ್ನ ನಿರ್ಧಾರ ಬದಲಾಗಲ್ಲ. ನಮ್ಮ ಹುಡುಗಿ ಸತ್ತೇಹೋಗ್ತಿದ್ದಳು, ಗೊತ್ತಾ?"

"ಗೊತ್ತಮ್ಮ. ಅದಕ್ಕೇ ಬಂದೆ" ಎಂದರು ಮೀಟರಮ್ಮ.

ಬಟ್ಟೆ ಕತ್ತರಿಸುವ ಕಟಿಂಗ್ ಮಾಸ್ಟರ್ ಆ ಪೆಟ್ಟಿಗೆಯನ್ನು ತಂದು ಮೇಜಿನ ಮೇಲೆ ಕುಕ್ಕಿದ. ತನ್ನ ಫ್ಯಾನನ್ನು ಚೀಟಿ ಫೇಲು ಮಾಡಿದ ಸಿಟ್ಟು ಅವನ ಮೂಗಿನ ತುದಿಯಲ್ಲೇ ಇತ್ತು. ಮೀಟರಮ್ಮ ಪ್ಲಗ್ ಬಿಚ್ಚಿದರು. ಮೇಷ್ಟ್ರು ಇಣುಕಿದರು. ಎರಡು ತಂತಿ ತಮ್ಮ ತಮ್ಮ ಸ್ಕ್ರೂಗಳಲ್ಲಿ ಕೂತಿದ್ದವು. ಮೂರನೆಯದು, ಹಸಿರು ಹಳದಿ ಪಟ್ಟೆಯ ಅರ್ತ್ ತಂತಿ, ಎಲ್ಲೂ ಸೇರಿರಲಿಲ್ಲ. ಅದನ್ನು ಹಿಂದಕ್ಕೆ ಮಡಿಸಿ, ಮೇಣ ಸವರಿದ ದಾರದಿಂದ ಏಳು ಸುತ್ತು ಬಿಗಿದು, ದಾರದ ತುದಿಯೂ ಕಾಣದ ಹಾಗೆ ಒಳಗೆ ತೂರಿಸಿದ್ದರು.

"ನೋಡಿ ಮತ್ತೆ!" ಎಂದ ಕಟಿಂಗ್ ಮಾಸ್ಟರ್. "ಒಳಗೆ ತಂತೀನೇ ಹಾಕಿಲ್ಲ. ಇವಳು ಕಣ್ಣು ಮುಚ್ಕೊಂಡು ಚೀಟಿ ಅಂಟಿಸಿದಾಳೆ. ಅದೇನು ಪರೀಕ್ಷೆಯೋ, ಮಣ್ಣೋ!"

ಚೀಟಿ ಸೆಟೆದು ನಿಂತಳು. "ಈ ತಂತಿ ಹೀಗಿದ್ದಿದ್ರೆ ನನ್ನ ಮೀಟರು ಒಂದಾರು ತೋರಿಸ್ತಾನೇ ಇರ್ಲಿಲ್ಲ!"

ಮೀಟರಮ್ಮ ಅರ್ತ್ ತಂತಿಯ ತುದಿಗೆ ಮೀಟರಿನ ಒಂದು ಕ್ಲಿಪ್ಪು, ಪೆಟ್ಟಿಗೆಯ ಲೋಹಕ್ಕೆ ಇನ್ನೊಂದು ಕ್ಲಿಪ್ಪು ಹಾಕಿದರು. "ಬರ್ಕೊಳ್ಳಿ ಮೇಷ್ಟ್ರೇ. ಸೊನ್ನೆ ಪಾಯಿಂಟ್ ಸೊನ್ನೆ ಎಂಟು." ಆಮೇಲೆ ಗುಂಡಿ ತಿರುಗಿಸಿ ಇನ್ನೊಂದು ಪರೀಕ್ಷೆ ಮಾಡಿದರು. "ಕರೆಂಟು ಮೈಗೆ ಸೋರ್ತಾ ಇದೆ."

ಮೇಷ್ಟ್ರು ಎರಡನ್ನೂ ಬರೆದುಕೊಂಡರು. ತಲೆಬುಡ ಅರ್ಥವಾಗಲಿಲ್ಲ, ಆದರೂ ತಲೆ ಆಡಿಸಿದರು.

"ಈ ಮೇಜು ಮೊದಲಿಂದ ಇಲ್ಲೇ ಇತ್ತಾ?" ಎಂದು ಮೀಟರಮ್ಮ ಕೇಳಿದರು. ಕಿಟಕಿಯ ಪಕ್ಕದ ನೆಲದಲ್ಲಿ ನಾಲ್ಕು ಬಿಳಿಚಿದ ಗುರುತುಗಳಿದ್ದವು, ಮೇಜಿನ ಕಾಲಿನಷ್ಟೇ ಅಗಲ.

"ಹದಿನೈದು ದಿನದ ಹಿಂದೆ ನಾವು ಗಂಡಸರೆಲ್ಲ ಸೇರಿ ಸರಿಸಿದ್ವಿ" ಎಂದ ಕಟಿಂಗ್ ಮಾಸ್ಟರ್. "ಇಸ್ತ್ರಿ ಅಕ್ಕನಿಗೆ ಬೆಳಕು ಸಾಲ್ತಿರ್ಲಿಲ್ವಂತೆ."

ಮೀಟರಮ್ಮ ಕಿಟಕಿಯನ್ನೊಮ್ಮೆ, ಗೋಡೆಯ ಪ್ಲಗ್ ಪಾಯಿಂಟನ್ನೊಮ್ಮೆ ನೋಡಿದರು.

ಇಸ್ತ್ರಿ ಅಕ್ಕ ಮೂಲೆಯಲ್ಲಿ ಕಾಲರುಗಳನ್ನು ಜೋಡಿಸುತ್ತಿದ್ದಳು. ಮೂವತ್ತು ವರ್ಷದಿಂದ ಇಲ್ಲಿ ಇಸ್ತ್ರಿ ಹಾಕುತ್ತಿದ್ದ ಕುಳ್ಳನೆಯ ಹೆಂಗಸು. ಶಾಕ್ ಹೊಡೆಸಿಕೊಂಡವಳು ಅವಳದೇ ಸೊಸೆ, ಎರಡು ವಾರದಿಂದ ಕೆಲಸ ಕಲಿಯುತ್ತಿದ್ದವಳು. ಮನೆಯಲ್ಲಿ ಒಬ್ಬಳನ್ನೇ ಬಿಡಲು ಮನಸ್ಸು ಬಾರದೆ ಅವಳನ್ನೂ ಕರೆತಂದು ಪಕ್ಕದಲ್ಲೇ ಕೂರಿಸಿಕೊಂಡಿದ್ದಳು.

"ಅವತ್ತು ಏನಾಯ್ತು, ಹೇಳಮ್ಮ" ಎಂದು ಮೀಟರಮ್ಮ ಸೊಸೆಯ ಪಕ್ಕ ಕೂತರು.

"ಅತ್ತೆ ಊಟಕ್ಕೆ ಹೋಗಿದ್ರು. ಒಂದು ಕೋಟು ಉಳಿದಿತ್ತು, ಮುಗಿಸಿಬಿಡೋಣ ಅಂತ ಎದ್ದೆ. ಅತ್ತೆಗೆ ಮೇಜು ಎತ್ತರ, ಮರದ ಹಲಗೆ ಮೇಲೆ ನಿಂತ್ಕೋತಾರೆ. ನಾನು ಉದ್ದ ಇದೀನಲ್ಲ, ಹಲಗೆ ಪಕ್ಕಕ್ಕಿಟ್ಟೆ. ಬಟ್ಟೆಗೆ ಚಿಮುಕಿಸಿದ ನೀರು ನೆಲದ ಮೇಲೂ ಬಿದ್ದಿತ್ತು. ಬರಿಗಾಲು. ಪೆಟ್ಟಿಗೆಯ ಮೈಗೆ ಬೆರಳು ತಾಗಿದ್ದೇ ಗೊತ್ತು." ಅವಳು ಕೈಯನ್ನು ಮಡಿಲಲ್ಲಿ ಬಚ್ಚಿಟ್ಟುಕೊಂಡಳು. "ನಾನಿನ್ನು ಇಸ್ತ್ರಿಪೆಟ್ಟಿಗೆ ಮುಟ್ಟಲ್ಲ. ನೋಡಿದ್ರೇ ಎದೆ ಡವಡವ ಅನ್ನುತ್ತೆ."

ಮೇಷ್ಟ್ರ ಶಾಲೆಯಲ್ಲಿ ಲೆಕ್ಕ ಕಂಡರೆ ನಡುಗುತ್ತಿದ್ದ ಮಕ್ಕಳ ಮುಖ ಹೀಗೇ ಇರುತ್ತಿತ್ತು.

ಮೀಟರಮ್ಮ ಆ ಪೆಟ್ಟಿಗೆಯನ್ನು ಇಸ್ತ್ರಿ ಅಕ್ಕನ ಕೈಗೆ ಕೊಟ್ಟರು. "ಸ್ವಲ್ಪ ಹಿಡ್ಕೋ ತಾಯಿ, ನಾನು ಕನ್ನಡಕ ಒರೆಸ್ಕೋತೀನಿ." ಅಕ್ಕ ಹಿಡಿದಳು. ಮರದ ಹಿಡಿಯ ಒಂದು ಕಡೆ ಸವೆದು ತಗ್ಗಾಗಿತ್ತು. ಅವಳ ಹೆಬ್ಬೆರಳು ತಾನಾಗಿ ಹೋಗಿ ಆ ತಗ್ಗಿನಲ್ಲಿ ಕೂತಿತು. ಮರುಕ್ಷಣವೇ ಅವಳು ಹಿಡಿತ ಬದಲಿಸಿದಳು. ಮೇಷ್ಟ್ರು ಅದನ್ನೂ ಬರೆದುಕೊಂಡರು.

ಆಮೇಲೆ ಮೀಟರಮ್ಮ, ಹೊತ್ತು ಕಳೆಯಲು ಬಂದವರ ಹಾಗೆ, ತೂಗುಹಾಕಿದ್ದ ಬಿಳಿ ಕೋಟುಗಳನ್ನು ಒಂದೊಂದಾಗಿ ತಿರುವಿ, ಒಂದರ ಗುಂಡಿ ಹಿಡಿದು ಜಗ್ಗಿದರು.

"ಜಗ್ಗಿ, ಜಗ್ಗಿ, ಬರಲ್ಲ" ಎಂದು ನಕ್ಕರು ಯಜಮಾನಿ, ಮೊದಲ ಸಲ. "ಕೋಟು ಹರಿದ್ರೂ ನಮ್ಮ ಗುಂಡಿ ಮಾವ ಹಾಕಿದ ಗುಂಡಿ ಬೀಳಲ್ಲ. ಇವರು ಇಸ್ತ್ರಿ ಅಕ್ಕನ ಯಜಮಾನ್ರು. ಸೊಸೆ ಮಾವ ಅಂತಾಳೆ ಅಂತ ಈಗ ಇಡೀ ಕಾರ್ಖಾನೆಗೇ ಮಾವ."

ಬಾಗಿಲ ಬಳಿ ಡಬ್ಬಿ ತುಂಬ ಗುಂಡಿ ಇಟ್ಟುಕೊಂಡು ಕೂತಿದ್ದ ಬಕ್ಕತಲೆಯ ಮನುಷ್ಯ ತಲೆ ಎತ್ತಿ, ನಕ್ಕಂತೆ ಮಾಡಿ, ಮತ್ತೆ ಬಗ್ಗಿದ.

"ಮೇಷ್ಟ್ರೇ, ಗುಜರಿ ರಾಶಿಯಲ್ಲಿ ಐದನೇ ನಂಬರು ಇದೆಯಾ, ನೋಡಿ ಬನ್ನಿ."

ಮೇಷ್ಟ್ರು ಹಿಂದಿನ ಕೋಣೆಗೆ ಹೋಗಿ, ಬಟ್ಟೆ ಚೂರುಗಳಲ್ಲಿ ಮೊಣಕೈವರೆಗೆ ಹುದುಗಿ, ಸೀನಿ ಸೀನಿ ವಾಪಸು ಬಂದರು. "ಇದೆ. ಪ್ಲಗ್ ಇಲ್ಲ. ವೈರನ್ನ ಮೈಗೆ ಸುತ್ತಿ ಸುತ್ತಿ ಇಟ್ಟಿದಾರೆ. ಬಿಚ್ಚಿ ಅಳೆದೆ, ಐದು ಮೀಟರು ಇದೆ."

ಮೀಟರಮ್ಮನ ಮುಖದಲ್ಲಿ ಒಂದು ಸಣ್ಣ ನಗು ಸುಳಿಯಿತು. ಆ ನಗುವನ್ನು ಮೇಷ್ಟ್ರು ಬಲ್ಲರು. ಕೇಸು ಮುಗಿಯಿತು ಎಂದರ್ಥ. ಹಾಗಾಗಿ ಗಡಿಬಿಡಿಯಿಂದ ಅವರ ಕಿವಿಯಲ್ಲಿ ಪಿಸುಗುಟ್ಟಿದರು, "ಕಟಿಂಗ್ ಮಾಸ್ಟರ್ ತಾನೇ? ಫ್ಯಾನಿನ ಸೇಡು."

"ಬೇಕಾದ್ರೆ ಬರೆದಿಟ್ಕೊಳ್ಳಿ. ಆಮೇಲೆ ಅಳಿಸೋದು ಇದ್ದೇ ಇದೆ" ಎಂದರು ಅತ್ತಿಗೆ.

ಮಧ್ಯಾಹ್ನದ ಬಿಡುವಿನಲ್ಲಿ ಎಲ್ಲರೂ ಇಸ್ತ್ರಿ ಮೇಜಿನ ಸುತ್ತ ಸೇರಿದರು. ಮೇಜಿನ ಮೇಲೆ ಎರಡೂ ಪೆಟ್ಟಿಗೆಗಳು ಅಕ್ಕಪಕ್ಕ ಕೂತಿದ್ದವು. ಚೀಟಿ ಉಗುರು ಕಚ್ಚುತ್ತಿದ್ದಳು. ಯಜಮಾನಿಯ ಕೈಯಲ್ಲಿ ದೂರಿನ ಲಕೋಟೆ ಇತ್ತು.

"ತಂತಿ ಉದ್ದವಾದಷ್ಟೂ ಮೀಟರಿನ ಅಂಕಿ ಜಾಸ್ತಿ" ಎಂದು ಮೀಟರಮ್ಮ ಶುರು ಮಾಡಿದರು. "ಚೀಟಿ ನಾಲ್ಕನೇ ನಂಬರು ಅಳೆದಾಗ ಒಂದಾರು ಬಂತು. ಇವತ್ತು ಶಾಕ್ ಹೊಡೆದ ಪೆಟ್ಟಿಗೆ ಅಳೆದ್ರೆ ಸೊನ್ನೆ ಎಂಟು, ಅಂದ್ರೆ ಅದರ ಅರ್ಧ ಬಂತು. ಎರಡೂವರೆ ಮೀಟರಿನ ಗಿಡ್ಡ ವೈರಿಗೆ ಅಷ್ಟೇ ಬರೋದು. ಅಂದ್ರೆ ಪ್ಲಗ್ ಮೇಲೆ ನಾಲ್ಕು ಅಂತಿದ್ರೂ ಅವಳು ಅಳೆದದ್ದು ಈ ಪೆಟ್ಟಿಗೆಯನ್ನಲ್ಲ."

"ಮತ್ತೆ ಯಾವುದನ್ನ?" ಎಂದರು ಯಜಮಾನಿ.

"ಗುಜರಿಯಲ್ಲಿ ಸಿಕ್ಕಿದ್ದನ್ನ. ಫೇಲಾದ ಪೆಟ್ಟಿಗೆಯ ವೈರನ್ನ ಅವಳು ಅರ್ಧಕ್ಕೆ ಕತ್ತರಿಸ್ತಾಳೆ. ಗುಜರಿಯದ್ದಕ್ಕೆ ಪೂರ್ತಿ ಐದು ಮೀಟರು ಹೇಗೆ ಉಳೀತು? ಅದೇ ಪಾಸಾದ ನಾಲ್ಕು. ಕೆಲಸಕ್ಕೆ ಬಳಸ್ತಾ ಇದ್ದದ್ದು ಫೇಲಾದ ಐದು. ನಾಲ್ಕರ ಪ್ಲಗ್ ಬಿಚ್ಚಿ, ಹಸಿರು ಚೀಟಿ ಸಮೇತ, ಐದಕ್ಕೆ ಹಾಕಿದಾರೆ. ವೈರು ಗಿಡ್ಡ ಆಯ್ತು, ಕಿಟಕಿ ಹತ್ತಿರದಿಂದ ಪ್ಲಗ್ ಪಾಯಿಂಟಿಗೆ ಎಟುಕಲಿಲ್ಲ. ಅದಕ್ಕೇ ಮೇಜು ಸರಿಸಿದ್ದು. ಬೆಳಕು ಬೇಕು ಅಂದವರು ಯಾರಾದ್ರೂ ಕಿಟಕಿ ಬಿಟ್ಟು ಗೋಡೆ ಹತ್ತಿರ ಬರ್ತಾರಾ?"

ಕಟಿಂಗ್ ಮಾಸ್ಟರ್ ತಿರುಗಿ ಕಿಟಕಿಯ ಪಕ್ಕದ ಗುರುತುಗಳನ್ನು ನೋಡಿದ.

"ಅಷ್ಟೆಲ್ಲ ಕಷ್ಟಪಟ್ಟು ಐದನ್ನೇ ಯಾಕೆ ವಾಪಸು ತಂದ್ರು? ಅದರ ಹಿಡಿ ಮೂವತ್ತು ವರ್ಷ ಒಂದೇ ಕೈಯಲ್ಲಿ ಸವೆದಿದೆ. ಆ ತಗ್ಗಿಗೆ ಸರಿಯಾಗಿ ಕೂರೋ ಹೆಬ್ಬೆರಳು ಇಲ್ಲಿ ಒಂದೇ."

ಎಲ್ಲರ ಕಣ್ಣು ಇಸ್ತ್ರಿ ಅಕ್ಕನ ಕಡೆ ತಿರುಗಿತು. ಅವಳು ಸೆರಗಿನ ತುದಿ ಹಿಂಡುತ್ತ ಮುಂದೆ ಬಂದಳು.

"ಹೌದು. ನಾನೇ ಮಾಡಿದ್ದು. ನಾಲ್ಕನೆಯದು ನನ್ನ ಕೈಗೆ ಹೊಂದಲಿಲ್ಲ. ಕಾಲರೆಲ್ಲ ಸೊಟ್ಟ ಆಗ್ತಿತ್ತು. ನನ್ನನ್ನ ಕೆಲಸದಿಂದ ತೆಗೀರಿ. ಆ ಚೀಟಿ ಹುಡುಗಿಯ ಹೊಟ್ಟೆ ಮೇಲೆ ಹೊಡೀಬೇಡಿ."

"ನೀನಲ್ಲ ತಾಯಿ" ಎಂದರು ಮೀಟರಮ್ಮ ಮೆತ್ತಗೆ. "ಸೊಸೆ ಬಿದ್ದ ಮೇಲೆ ನಿನಗೆ ಗೊತ್ತಾಯ್ತು, ಅಷ್ಟೇ. ಪ್ಲಗ್ ಒಳಗೆ ಅರ್ತ್ ತಂತಿಯನ್ನ ಮೇಣದ ದಾರದಲ್ಲಿ ಏಳು ಸುತ್ತು ಸುತ್ತಿ, ತುದಿ ಅಡಗಿಸಿ ಕಟ್ಟಿದಾರೆ. ಇಲ್ಲಿರೋ ಪ್ರತಿ ಕೋಟಿನ ಗುಂಡಿಯ ಕೆಳಗೂ ಅದೇ ಏಳು ಸುತ್ತಿದೆ. ಎಣಿಸಿ ನೋಡಿದೆ. ಕೈಗೆ ಅಭ್ಯಾಸವಾದ ಕೆಲಸ ಎಲ್ಲಿ ಹೋದ್ರೂ ಬಿಡಲ್ಲ."

ಗುಂಡಿ ಮಾವನ ಕೈಯಲ್ಲಿದ್ದ ಡಬ್ಬಿ ಜಾರಿತು. ಗುಂಡಿಗಳು ಕಳಕಳ ಎಂದು ನೆಲದ ತುಂಬ ಹರಿದಾಡಿದವು. ಯಾರೂ ಆರಿಸಲು ಬಗ್ಗಲಿಲ್ಲ.

"ಹಸಿರು ಚೀಟಿ ಇತ್ತಲ್ಲಮ್ಮ" ಎಂದ ಅವನು. "ನಾನು ಕಣ್ಣಾರೆ ನೋಡಿದ್ದೆ. ಈ ಮಗು ಐದನ್ನ ಫೇಲು ಅಂತು, ಪೆಟ್ಟಿಗೆ ಮುಟ್ಟಲೇ ಇಲ್ಲ, ವೈರು ಕತ್ತರಿಸಿ ಪ್ಲಗ್ ಬಿಸಾಕ್ತು. ಹಾಗಾದ್ರೆ ಕೆಟ್ಟಿದ್ದು ಪ್ಲಗ್ಗೇ ಅಂದ್ಕೊಂಡೆ. ಪಾಸಾದ ಪ್ಲಗ್ ಹಾಕಿದ್ರೆ ಪೆಟ್ಟಿಗೇನೂ ಪಾಸಾಯ್ತಲ್ಲ ಅಂತ. ಇವಳು ಆರು ವಾರ ಸೊಟ್ಟ ಕಾಲರು ನೋಡಿ ನೋಡಿ ರಾತ್ರಿ ನಿದ್ದೆ ಮಾಡ್ತಿರ್ಲಿಲ್ಲ. ರಿಪೇರಿ ಮಾಡಿಸಿದೆ ಅಂತ ಸುಳ್ಳು ಹೇಳಿ ಕೊಟ್ಟೆ. ಬೆಳಕಿನ ನೆಪ ಹೇಳಿ ಮೇಜು ಸರಿಸೋ ಹಾಗೆ ಮಾಡಿದ್ದೂ ನಾನೇ. ಮೂರನೇ ತಂತಿ ಯಾಕಿರುತ್ತೋ ನನಗೆ ಗೊತ್ತಿರ್ಲಿಲ್ಲ. ನಮ್ಮನೆ ದೀಪಕ್ಕೆಲ್ಲ ಎರಡೇ ಇರೋದು. ಎಲ್ಲಾದ್ರೂ ತಾಗೀತು ಅಂತ ಮಡಿಸಿ ಕಟ್ಟಿದೆ." ಸೊಸೆಯ ಕಡೆ ನೋಡಲಾರದೆ ಅವನು ಮುಖ ತಿರುಗಿಸಿದ. "ಅವಳು ಬಿದ್ದ ಮೇಲೆ ಬಾಯಿ ಬಿಡೋಕೆ ಧೈರ್ಯ ಬರ್ಲಿಲ್ಲ. ಮನೆ ಮಗಳನ್ನ ನಾನೇ ಕೊಲ್ತಿದ್ದೆ ಅಂತ ಹೇಗೆ ಹೇಳ್ಲಿ?"

"ಮೂರನೆಯದೇ ಕಾಯೋ ತಂತಿ ಕಣಪ್ಪ" ಎಂದರು ಮೀಟರಮ್ಮ. "ಮೈಗೆ ಸೋರಿದ ಕರೆಂಟನ್ನ ಭೂಮಿಗೆ ಒಯ್ಯೋದು ಅದು. ನೀನು ಅದನ್ನ ಕಟ್ಟಿಹಾಕಿದೆ. ನಿನ್ನ ಹೆಂಡತಿಯನ್ನ ಎರಡು ವಾರ ಉಳಿಸಿದ್ದು ಅವಳು ನಿಲ್ಲೋ ಮರದ ಹಲಗೆ. ಸೊಸೆ ಹಲಗೆ ತೆಗೆದಳು, ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತಳು." ಆಮೇಲೆ ಚೀಟಿಯತ್ತ ತಿರುಗಿದರು. "ನಮ್ಮ ತಪ್ಪೂ ಇದೆಯಮ್ಮ. ಕತ್ತರಿಸಿ ಹಾಕೋದನ್ನ ನಿನಗೆ ಕಲಿಸಿದೆ. ಯಾಕೆ ಕತ್ತರಿಸ್ತೀವಿ ಅಂತ ಜನಕ್ಕೆ ಹೇಳೋದನ್ನ ಕಲಿಸಲಿಲ್ಲ. ನಂಬರನ್ನ ಪೆಟ್ಟಿಗೆ ಮೈ ಮೇಲೂ ಕೆತ್ತಬೇಕಿತ್ತು."

ಮೇಷ್ಟ್ರು ಸದ್ದಿಲ್ಲದೆ ತಮ್ಮ ಪುಸ್ತಕದಲ್ಲಿ 'ಕಟಿಂಗ್ ಮಾಸ್ಟರ್' ಎಂಬುದನ್ನು ಹೊಡೆದುಹಾಕಿದರು.

ಯಜಮಾನಿ ಲಕೋಟೆಯನ್ನು ನಾಲ್ಕು ಚೂರು ಮಾಡಿ ಚೀಟಿಯ ಎದುರು ಬಂದರು. "ತಪ್ಪಾಯ್ತು ಕಣಮ್ಮ. ಕೇಳದೇ ಮಾಡದೇ ನಿನ್ನನ್ನ ಕಳ್ಳಿ ಮಾಡಿಬಿಟ್ಟೆ. ಇನ್ನು ಮೇಲೂ ನೀನೇ ಬರಬೇಕು." ಗುಂಡಿ ಮಾವನ ಕಡೆ ನೋಡಿ ನಿಟ್ಟುಸಿರಿಟ್ಟರು. "ನಿಮ್ಮನ್ನ ಬೈಯೋಕೆ ನನಗೆ ಮನಸ್ಸಿಲ್ಲ ಮಾವ. ಆದ್ರೆ ಇನ್ನೊಂದು ಸಲ ಸುಮ್ಮನಿದ್ರೆ ನೋಡಿ ಮತ್ತೆ."

ಚೀಟಿ ಕಣ್ಣೊರೆಸಿಕೊಂಡಳು. "ನಾನು ಬರ್ತೀನಿ ಮೇಡಂ. ಆದ್ರೆ ಬಂದಾಗೆಲ್ಲ ಅರ್ಧ ಗಂಟೆ ಮಿಷಿನ್ನು ನಿಲ್ಲಿಸಿ, ಎಲ್ಲರೂ ನನ್ನ ಜೊತೆ ಕೂರಬೇಕು. ಇವತ್ತಿಂದಾನೇ."

ಅವಳು ಗುಜರಿಯಿಂದ ಬಂದ ಪೆಟ್ಟಿಗೆಗೆ ಹೊಸ ಪ್ಲಗ್ ಹಾಕಿದಳು, ಒಂದೊಂದು ತಂತಿಯ ಕೆಲಸವನ್ನೂ ಜೋರಾಗಿ ಹೇಳುತ್ತ. ಗುಂಡಿ ಮಾವ ಎಲ್ಲರಿಗಿಂತ ಹತ್ತಿರ ಬಗ್ಗಿ ನೋಡಿದ. ಮೀಟರು ಸೊನ್ನೆ ಪಾಯಿಂಟ್ ಒಂದಾರು ತೋರಿಸಿತು. ಮೇಷ್ಟ್ರು ಶಾಲೆಯ ಹುಡುಗನ ಹಾಗೆ ಚಪ್ಪಾಳೆ ತಟ್ಟಿದರು. ಸೋರಿಕೆಯೂ ಇರಲಿಲ್ಲ. ಆಮೇಲೆ ಸ್ವಿಚ್ಚು ಹಾಕಿ, ಪೆಟ್ಟಿಗೆ ಬಿಸಿಯೇರುವ ಮೊದಲೇ, ಚೀಟಿ ತನ್ನ ಬರಿಗೈಯನ್ನು ಅದರ ಲೋಹದ ಮೈಮೇಲೆ ಇಟ್ಟಳು.

"ಚೀಟಿ ಅಂಟಿಸಿದವಳು ನಾನು. ಮೊದಲ ಕೈ ನನ್ನದೇ" ಎಂದಳು, ಸೊಸೆಯ ಕಣ್ಣಲ್ಲಿ ಕಣ್ಣಿಟ್ಟು.

ಸೊಸೆ ಕೂತಲ್ಲಿಂದ ಎದ್ದಳು. ಎರಡು ಹೆಜ್ಜೆ ಬಂದು ನಿಂತಳು. ಇನ್ನೊಂದು ಹೆಜ್ಜೆ ಬಂದು ಬಲಗೈಯ ಒಂದು ಬೆರಳು ತಾಗಿಸಿ, ಥಟ್ಟನೆ ಹಿಂದಕ್ಕೆಳೆದುಕೊಂಡಳು. ಏನೂ ಆಗಲಿಲ್ಲ. ಮತ್ತೆ ಮುಟ್ಟಿದಳು, ಈ ಸಲ ಇಡೀ ಅಂಗೈ. ಪೆಟ್ಟಿಗೆ ಆಗತಾನೇ ಬೆಚ್ಚಗಾಗುತ್ತಿತ್ತು. ಅವಳು ಹಿಡಿ ಹಿಡಿದು ಎತ್ತಿ, ತೂಕ ನೋಡಿ, ತಲೆ ಎತ್ತದೆ ನಿಂತಿದ್ದ ಮುದುಕನ ಕಡೆ ತಿರುಗಿದಳು.

"ಮಾವ, ಆ ಕೋಟು ತಗೊಂಡು ಬನ್ನಿ ಇಲ್ಲಿ" ಎಂದಳು. "ಕಾಲರು ಸ್ವಲ್ಪ ಹಿಡ್ಕೊಳ್ಳಿ. ನನಗೆ ಒಂದೇ ಕೈಲಿ ಆಗಲ್ಲ."